ಹೊಳೆಯಾಚೆಗೆ ತಿರುಗಿಸಿದ ಹಾರ್ನು

೧೯೭೧ನೇ ಇಸವಿ ಮೇ ಒಂಬತ್ತು, ಭಾನುವಾರ, ಬೆಳಿಗ್ಗೆ ಐದು ಗಂಟೆ ನಲವತ್ತು ನಿಮಿಷ. ಹನಗೋಡಿನ ಅಣ್ಣಯ್ಯನ ಮನೆ ಮುಂದಿನ ಹುಣಸೆಮರದಲ್ಲಿ, ಒಂದು ಕಾಲು ಕವಲಿನಲ್ಲಿ ಇನ್ನೊಂದು ಕಾಲು ಕೊಂಬೆಯ ಮೇಲೆ ಊರಿಕೊಂಡು, ಮೈಕ್‌ಸೆಟ್ಟಿನ ಬಸವರಾಜು ಎರಡನೆಯ ಹಾರ್ನು ಕಟ್ಟುತ್ತಿದ್ದ. ಮೊದಲನೆಯದನ್ನು ಆಗಲೇ ಹುಣಸೂರು ರಸ್ತೆಯ ಕಡೆ ತಿರುಗಿಸಿ ಬಿಗಿದಾಗಿತ್ತು. ಗಂಡಿನ ಕಡೆಯವರ ಲಾರಿ ಬರುವ ದಾರಿ ಅದು. ಎರಡನೆಯದು ಊರಿನ ಕೇರಿಗಳ ಕಡೆ ಮುಖ ಮಾಡಬೇಕು. ಆ ಸೀಮೆಯ ಮದುವೆಗಳಲ್ಲೆಲ್ಲ ಅದೇ ರೂಢಿ: ಒಂದು ಹಾರ್ನು ಬರುವವರಿಗೆ, ಒಂದು ಇರುವವರಿಗೆ. ಆದರೆ ಬಸವರಾಜು ಅದನ್ನು ಊರಿಗೆ ಬೆನ್ನು ಮಾಡಿಸಿ ಪಡುವಲಿಗೆ ತಿರುಗಿಸಿದ. ಅತ್ತ ಗದ್ದೆ ಬಯಲು, ಬಯಲಿನ ಕೊನೆಗೆ ಲಕ್ಷ್ಮಣತೀರ್ಥ ಹೊಳೆ, ಹೊಳೆಯಾಚೆಗೆ ತೆಂಗಿನ ಮರಗಳ ನಡುವೆ ಒಂದು ಸಣ್ಣ ಕೊಪ್ಪಲು. ಅವನ ಹೆಂಡತಿ ಸುನಂದಮ್ಮನ ತವರು ಆ ಕೊಪ್ಪಲಿನಲ್ಲಿತ್ತು. ಎರಡು ವರ್ಷದಿಂದ ಅವಳು ಅಲ್ಲೇ ಇದ್ದಳು.

ಮದುಮಗಳ ಅಪ್ಪ ಅಣ್ಣಯ್ಯ ಹಲ್ಲುಜ್ಜುವ ಬೇವಿನ ಕಡ್ಡಿ ಬಾಯಲ್ಲಿ ಹಿಡಿದುಕೊಂಡೇ ಮರದ ಕೆಳಗೆ ಬಂದು ತಲೆಯೆತ್ತಿದ.

"ಅಲ್ಲ ಕಣಪ್ಪ ಬಸವರಾಜು, ಆ ಕಡೀಕೆ ಯಾರವ್ರೆ? ಗದ್ದೆ ಎಮ್ಮೆಗಳ್ಗೆ ಹಾಡು ಕೇಳಿಸ್ತೀಯಾ?"

"ಗಾಳಿ ಆ ಕಡೆಯಿಂದ ಬೀಸ್ತದೆ ಅಣ್ಣ. ಎದುರಿಗೆ ಕಟ್ಟಿದ್ರೆ ಧ್ವನಿ ಸಮ ಆಗ್ತದೆ."

ಇದು ಹಸೀ ಸುಳ್ಳು. ಹಾರ್ನಿನ ಧ್ವನಿ ಟಾರ್ಚಿನ ಬೆಳಕಿನ ಹಾಗೆ, ಮುಖ ಮಾಡಿದ ಕಡೆಗೇ ನೆಟ್ಟಗೆ ಹೋಗುತ್ತದೆ. ಅದನ್ನು ಸಮ ಮಾಡುವ ಗಾಳಿ ಎಲ್ಲೂ ಬೀಸುವುದಿಲ್ಲ. ಆದರೆ ಬಿಎಸ್ಸಿ ಓದಿದವನ ಬಾಯಿಂದ ಗಾಳಿಯ ಲೆಕ್ಕ ಬಂದ ಮೇಲೆ ಎದುರಾಡುವವರು ಯಾರು? ಅಣ್ಣಯ್ಯ ಕಡ್ಡಿಯನ್ನು ಈ ದವಡೆಯಿಂದ ಆ ದವಡೆಗೆ ದಾಟಿಸಿಕೊಂಡು, "ಅಂಗಾರೆ ಸರಿ ಬುಡು" ಅಂದು ಚಪ್ಪರದ ಕಡೆ ಹೋದ.

ಬಸವರಾಜು ಮೈಸೂರಿನ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದವನು. ಮೇಷ್ಟರಾಗಲಿ ಎಂದು ಅಪ್ಪನಿಗೆ ಆಸೆ ಇತ್ತು. ಇವನಿಗೆ ಮಾತ್ರ ವಾಲ್ವು, ವೈರು, ಸುಟ್ಟ ಕಾಯಿಲುಗಳ ಹುಚ್ಚು ಹತ್ತಿ, ಹುಣಸೂರಿನ ಬಸ್‌ಸ್ಟ್ಯಾಂಡಿನ ಪಕ್ಕದಲ್ಲಿ ರೇಡಿಯೋ ರಿಪೇರಿ ಅಂಗಡಿ ಹಾಕಿದ. ಆಮೇಲೆ ಮೈಕ್‌ಸೆಟ್ಟು ತಂದು ಬಾಡಿಗೆಗೆ ಬಿಟ್ಟ. ಕೆಲಸದಲ್ಲಿ ಅಚ್ಚುಕಟ್ಟು. ಬ್ಯಾಟರಿಗೆ ನೀರು ಎಷ್ಟು, ಗ್ರಾಮಫೋನಿನ ಮುಳ್ಳು ಯಾವಾಗ ಬದಲಿಸಬೇಕು, ಹಾಡಿನ ಯಾವ ಪ್ಲೇಟು ಎಷ್ಟು ನಿಮಿಷ, ಎಲ್ಲ ನಾಲಿಗೆ ತುದಿಯಲ್ಲಿತ್ತು. ಹೊಟ್ಟೆಯಲ್ಲಿರುವುದನ್ನು ಬಾಯಿಗೆ ತರುವ ವಿದ್ಯೆ ಒಂದನ್ನು ಮಾತ್ರ ಯಾವ ಕಾಲೇಜೂ ಅವನಿಗೆ ಕಲಿಸಿರಲಿಲ್ಲ.

ಮದುವೆಯಾದ ಹೊಸದರಲ್ಲಿ ಇದೊಂದು ಕೊರತೆ ಅಂತ ಸುನಂದಮ್ಮನಿಗೂ ಅನ್ನಿಸಿರಲಿಲ್ಲ. ಅವಳು ಹೊಸ ಸೀರೆ ಉಟ್ಟು ಬಂದು ನಿಂತರೆ ಅವನು ಏನೂ ಹೇಳುತ್ತಿರಲಿಲ್ಲ. ಪೆಟ್ಟಿಗೆ ತೆರೆದು, ಹುಡುಕಿ, ಒಂದು ಪ್ಲೇಟು ಹಾಕುತ್ತಿದ್ದ. ಸಿನಿಮಾದ ಗಂಡಸು ಯಾರದೋ ಹೆಂಗಸಿನ ಕಣ್ಣನ್ನು ಕಮಲಕ್ಕೆ ಹೋಲಿಸಿ ಹಾಡುತ್ತಿದ್ದ. ಅವಳು ನಕ್ಕು, "ಸಿನ್ಮಾದೋರು ಹೇಳ್ಬುಟ್ರು. ನೀವೇನ್ ಹೇಳ್ತೀರಿ?" ಅಂತಿದ್ದಳು. ಅವನು ಪ್ಲೇಟಿನ ಮಗ್ಗುಲು ತಿರುಗಿಸಿ ಇನ್ನೊಂದು ಹಾಡು ಹಾಕುತ್ತಿದ್ದ. ಇಬ್ಬರಿಗೂ ಅದು ಆಟವಾಗಿತ್ತು.

ಆಮೇಲೆ ಒಂದು ಹೆಣ್ಣು ಕೂಸು ಹುಟ್ಟಿ, ತೊಟ್ಟಿಲಿಗೆ ಹಾಕುವ ಮೊದಲೇ ತೀರಿಕೊಂಡಿತು. ಮನೆಗೆ ಬಂದವರೆಲ್ಲ ಏನಾದರೊಂದು ಹೇಳಿ ಹೋದರು. ಬಸವರಾಜು ಏನೂ ಹೇಳಲಿಲ್ಲ. ಅವನಿಗೂ ದುಃಖವಿತ್ತು, ಆದರೆ ಅದು ಯಾವ ಕಡೆಯಿಂದ ಹೊರಗೆ ಬರಬೇಕೋ ತಿಳಿಯದು. ಒಂದು ಸಂಜೆ ಗೋಡೆಗೆ ಮುಖ ಮಾಡಿ ಮಲಗಿದ್ದ ಹೆಂಡತಿಯ ಬೆನ್ನ ಹಿಂದೆ ಕೂತು, ಮೋಡ ನುಂಗಿದ ಬೆಳದಿಂಗಳಿನ ಮೇಲೆ ಒಂದು ಹಾಡು ಇತ್ತಲ್ಲ, ಅದನ್ನು ಹಾಕಿದ. ಸುನಂದಮ್ಮ ಎದ್ದು ಬಂದು ಮುಳ್ಳು ಎತ್ತಿದಳು.

"ಅಳೋದನ್ನೂ ಬಾಡ್ಗೆಗೆ ತಂದ್ರಾ?" ಅಂದಳು.

ಅವನು ಪ್ಲೇಟು ಒರೆಸಿ ಪೆಟ್ಟಿಗೆಗೆ ಹಾಕಿದ. ತಿಂಗಳುಗಳು ಹೋದವು, ಅವಳು ಕೇಳುವುದನ್ನೂ ನಿಲ್ಲಿಸಿದಳು. ಕೊನೆಗೆ ತವರಿಗೆ ಅಂತ ಹೋದವಳು ತಿರುಗಿ ಬರಲಿಲ್ಲ. ಬಸವರಾಜು ಎರಡು ಸಲ ಕೊಪ್ಪಲಿಗೆ ಹೋಗಿ ಜಗಲಿಯ ಮೇಲೆ ಕೂತು, ಅವಳ ಅಣ್ಣ ತಿಮ್ಮಯ್ಯ ಕೊಟ್ಟ ಮಜ್ಜಿಗೆ ಕುಡಿದು, ಮಳೆ ಬೆಳೆ ವಿಚಾರಿಸಿ ಎದ್ದು ಬಂದಿದ್ದ. ಬಾಗಿಲ ಹಿಂದೆ ಬಳೆಯ ಸದ್ದು ಕೇಳಿದರೂ ಅತ್ತ ಒಂದು ಮಾತು ಎಸೆಯಲು ಆಗಿರಲಿಲ್ಲ.

ಈಗ ತಿಮ್ಮಯ್ಯನಿಗೆ ಸಾಕಾಗಿತ್ತು. ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೆಳೆಯುವ ಒಬ್ಬ, ಹೆಂಡತಿ ಸತ್ತವನು, ಸುನಂದಮ್ಮನನ್ನು ಕೂಡಾವಳಿ ಎಂಬ ಮರುಮದುವೆ ಮಾಡಿಕೊಳ್ಳಲು ಒಪ್ಪಿದ್ದ. ಮಂಗಳವಾರ ಕೊಪ್ಪಲಿನಲ್ಲಿ ಹಿರಿಯರು ಕೂರುವುದು ಅಂತ ಆಗಿತ್ತು. ಬಸವರಾಜು ಕರೆದುಕೊಂಡು ಹೋಗುವುದಾದರೆ ಹೋಗಲಿ, ಇಲ್ಲವಾದರೆ ಅವಳ ದಾರಿ ಅವಳಿಗೆ ಬಿಡಲಿ. ಅದಕ್ಕೆ ಎರಡು ದಿನ ಮುಂಚೆ ಹನಗೋಡಿನಲ್ಲಿ ಈ ಮದುವೆ. ಕೊಪ್ಪಲಿಗೆ ಕೇಳುವಷ್ಟು ಹತ್ತಿರ. ಬಸವರಾಜುವಿಗೆ ಇದು ದೇವರೇ ಕೊಟ್ಟ ಅವಕಾಶ ಅನ್ನಿಸಿತು. ಬಾಯಲ್ಲಿ ಬರದ ಮಾತನ್ನು ಹಾರ್ನಿನಲ್ಲಿ ಕಳಿಸಬಹುದು.

ಹಾಗಾದರೆ ಯಾವ ಹಾಡು? ಮೂರು ದಿನ ಅವನು ಅದನ್ನೇ ಯೋಚಿಸಿದ್ದ, ಲ್ಯಾಬಿನಲ್ಲಿ ಉಪ್ಪು ಪರೀಕ್ಷೆ ಮಾಡಿದ ಹಾಗೆ, ಒಂದೊಂದನ್ನೇ ತೆಗೆದು ನೋಡಿ ಪಕ್ಕಕ್ಕಿಟ್ಟು. ಹೂವು ದುಂಬಿಯ ಹಾಡು ಬೇಡ. ದುಂಬಿ ಒಂದು ಹೂವಿನಲ್ಲಿ ನಿಲ್ಲುವ ಜಾತಿಯಲ್ಲ. ಪಂಜರದ ಗಿಣಿ ಬೇಡ; ಹಾಗಾದರೆ ಪಂಜರ ಯಾರ ಮನೆ ಅಂತ ಅವಳು ಕೇಳುತ್ತಾಳೆ. ಮರ ಬಳ್ಳಿಯದು ಬೇಡ. ಬಳ್ಳಿಗೆ ಬೇರೆ ಮರ ಸಿಕ್ಕಿದೆ ಅಂತ ಊರಿಗೆಲ್ಲ ಗೊತ್ತು. ಕೊನೆಗೆ ಉಳಿದದ್ದು ಒಂದು ಹಳೆಯ ಪ್ಲೇಟು. ಅದರ ಪಲ್ಲವಿ ಹೀಗಿತ್ತು:

ಹಣತೆಯು ನಾನು, ಎಣ್ಣೆಯು ನೀನು,
ಬತ್ತಿಯ ತುದಿಯಲಿ ನಮ್ಮ ಬೆಳಕು;
ಆರುವ ಮುನ್ನ ಬಾರೆಲೆ ಚೆನ್ನೆ,
ಕತ್ತಲು ಕಾದಿದೆ ಹೊಸಿಲಿನಲಿ.

ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಸಾಧ್ಯವೇ? 'ಬಾ' ಎಂಬ ಮಾತೂ ಇತ್ತು, ಯಾಕೆ ಬರಬೇಕು ಎಂಬುದೂ ಇತ್ತು. ಬಸವರಾಜು ಆ ಪ್ಲೇಟನ್ನು ಹತ್ತಿಬಟ್ಟೆಯಲ್ಲಿ ಒರೆಸಿ, ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಮುಂದೆ ಇಟ್ಟುಕೊಂಡು ಬಂದಿದ್ದ.

ಅವನ ಮೇಜನ್ನು ಜಗಲಿಯ ಒಂದು ಮೂಲೆಯಲ್ಲಿ, ಉಗ್ರಾಣದ ಕೋಣೆಯ ಬಾಗಿಲ ಪಕ್ಕಕ್ಕೆ ಹಾಕಿಕೊಟ್ಟಿದ್ದರು. ಒಳಗೆ ಹೆಂಗಸರು ಕಾಯಿ ತುರಿಯುವ, ಕುಂಬಳಕಾಯಿ ಹೆಚ್ಚುವ ಸದ್ದು. ಹೊರಗೆ ಒಲೆಯ ಹತ್ತಿರ ಅಡಿಗೆಯ ಮಾದೇವ. ಇವನೂ ಹುಣಸೂರಿನವನೇ, ಮೈಕ್‌ಸೆಟ್ಟು, ಅಡಿಗೆ ಎರಡೂ ಒಂದೇ ಮದುವೆಗಳಿಗೆ ಹೋಗುವುದರಿಂದ ಇಬ್ಬರಿಗೂ ಹಳೇ ಸ್ನೇಹ. ಸುತ್ತ ನಾಲ್ಕು ಜನ ಎಲೆಯಡಿಕೆ ಹಾಕಿಕೊಂಡು ಕೂತಿದ್ದರು. ದೇವರ ಹಾಡುಗಳು ಮುಗಿದು, ಮೊದಲ ಸಿನಿಮಾ ಹಾಡು ಹುಡುಗಿಯ ಮುಖವನ್ನು ಪೂರ್ಣಚಂದ್ರ ಅಂದದ್ದೇ ತಡ, ಮಾದೇವ ಸೌಟು ಎತ್ತಿದ.

"ಲೇ ಬಸವರಾಜು, ನಿಲ್ಸಲಾ ಅದ್ನ. ಅಮೇರಿಕದೋರು ಚಂದ್ರನ ಮೇಲೆ ಇಳ್ದು ನೋಡ್ಕೊಂಡು ಬಂದವ್ರೆ. ಬರೀ ಗುಂಡಿ, ಬರೀ ಬೂದಿಯಂತೆ. ಮದುಮಗಳ ಮೊಕ ಅಂಗದೆ ಅಂತೀಯಾ?"

"ಅಂಗಂದ್ರೆ ನನ್ ಹೆಂಡ್ತಿಗೆ ಸರಿಯಾಗ್ತದೆ ಕಣ್ಲಾ," ಅಂದ ಒಬ್ಬ ಮುದುಕ. "ಸಿಡುಬು ಆಗಿತ್ತಲ್ಲ."

"ನಿನ್ ಹೆಂಡ್ತಿ ಇಲ್ಲೇ ಒಳ್ಗವ್ಳೆ ಕಣಜ್ಜೋ!"

"ಇರ್ಲಿ ಬುಡ್ಲಾ. ನಲವತ್ತು ವರ್ಸ ಆಯ್ತು, ಈಗೇನ್ ಓಡೋಯ್ತಾಳಾ?"

ಓಡಿಹೋಗುವ ಮಾತು ಬಾಯಿಂದ ಜಾರಿದ ಮೇಲೆ ಎಲ್ಲರೂ ಒಮ್ಮೆ ಬಸವರಾಜುವಿನ ಕಡೆ ನೋಡಿ, ಕಣ್ಣು ತೆಗೆದು, ಅಡಿಕೆ ಹುಡುಕುವವರಂತೆ ಮಾಡಿದರು. ಬಸವರಾಜು ಬ್ಯಾಟರಿಯ ತಂತಿ ಬಿಗಿಯುತ್ತಿದ್ದಾನೆ ಎಂಬಂತೆ ಬಗ್ಗಿದ.

ಅವನ ಎಣಿಕೆ ಹೀಗಿತ್ತು. ಗಂಡಿನ ಕಡೆಯವರು ಚುಂಚನಕಟ್ಟೆಯಿಂದ ಬರಬೇಕು. ಬಂದ ಮೇಲೆ ಕಾಲು ತೊಳೆದು ಉಪ್ಪಿಟ್ಟು ತಿನ್ನುವ ಹೊತ್ತಿಗೆ ಚಪ್ಪರ ಖಾಲಿ. ಶಾಸ್ತ್ರ ಯಾವುದೂ ಇಲ್ಲ. ಆಗ ಈ ಪ್ಲೇಟು ಹಾಕಿದರೆ ಇಲ್ಲಿ ಯಾರ ಕಿವಿಗೂ ಬೀಳುವುದಿಲ್ಲ, ಹೊಳೆಯಾಚೆಗೆ ಮಾತ್ರ ಬೀಳುತ್ತದೆ. ಲಾರಿ ಬಂತು, ಉಪ್ಪಿಟ್ಟಿಗೆ ಎಲೆ ಹಾಕಿದರು. ಬಸವರಾಜು ಹೊಸ ಮುಳ್ಳು ಸಿಕ್ಕಿಸಿ, ಪ್ಲೇಟನ್ನಿಟ್ಟು, ಧ್ವನಿಯ ತಿರುಪನ್ನು ಅರ್ಧ ಸುತ್ತು ಹೆಚ್ಚಿಗೆ ಮಾಡಿ, ಹಾರ್ನಿನ ಕಡೆ ತಲೆಯೆತ್ತಿ ಕೂತ. ಹಾಡು ಗದ್ದೆ ಬಯಲಿನ ಮೇಲೆ ಹೊರಟಿತು. ಈಗ ಹೊಳೆ ದಾಟಿರುತ್ತದೆ. ಈಗ ತೆಂಗಿನ ಮರ. ಈಗ ಅವಳು ಹಿತ್ತಿಲಲ್ಲಿ ಮುಸುರೆ ತಿಕ್ಕುತ್ತಿದ್ದವಳು ಕೈ ನಿಲ್ಲಿಸಿರುತ್ತಾಳೆ.

ಆದರೆ ಅವನ ಎಣಿಕೆಗೆ ಸಿಗದ ಸಂಗತಿಯೊಂದಿತ್ತು. ಗಂಡಿನ ಕಡೆಯ ಹಿರಿಯನಿಗೆ ಹೊಟ್ಟೆ ಸರಿಯಿಲ್ಲ, ಅವನು ಉಪ್ಪಿಟ್ಟು ಒಲ್ಲೆ ಅಂದ. ಹಿರಿಯ ಒಲ್ಲೆ ಅಂದ ಮೇಲೆ ಅವನ ಪಂಕ್ತಿಯವರೂ ಎದ್ದರು, ಪುರೋಹಿತರು "ಇನ್ನೇಕೆ ತಡ" ಅಂದರು, ದೇವರ ಕೋಣೆಯಿಂದ ಕಳಸಗಿತ್ತಿ ಹೊರಟೇಬಿಟ್ಟಳು. ಒಂದು ಕೈಯಲ್ಲಿ ಕಳಸ, ಇನ್ನೊಂದು ಕೈಯಲ್ಲಿ ದೀಪ. ದೀಪಕ್ಕೆ ಗಾಳಿ ತಾಗದಂತೆ ನಾಲ್ವರು ಹೆಂಗಸರು ಸೆರಗು ಹಿಡಿದಿದ್ದರು. ಮನೆಯಿಂದ ಹೊರಟ ಆ ದೀಪ ಚಪ್ಪರಕ್ಕೆ ಹೋಗಿ ಹಸೆಯ ಪಕ್ಕ ಕೂರುವ ತನಕ ಆರಬಾರದು, ಅಷ್ಟು ಹೊತ್ತು ಯಾರೂ ಕೆಟ್ಟ ಮಾತೂ ಆಡಬಾರದು. ಆಡಿದ್ದನ್ನೆಲ್ಲ ಹೌದೌದು ಅನ್ನುವ ಅಸ್ತು ದೇವತೆಗಳು ಮದುವೆ ಮನೆಯ ಸೂರಿನಲ್ಲೇ ಕೂತಿರುತ್ತವೆ. ಕಳಸಗಿತ್ತಿ ಹೊಸಿಲಿನ ಮೇಲೆ ಬಲಗಾಲಿಟ್ಟಳು. ಹುಣಸೆಮರದ ಎರಡು ಹಾರ್ನುಗಳೂ ಒಟ್ಟಿಗೇ ಕೂಗಿದವು: "ಆರುವ ಮುನ್ನ ಬಾರೆಲೆ ಚೆನ್ನೆ, ಕತ್ತಲು ಕಾದಿದೆ ಹೊಸಿಲಿನಲಿ."

ಕಳಸಗಿತ್ತಿಯ ಕಾಲು ಅಲ್ಲೇ ನಿಂತಿತು. ಮದುಮಗಳ ಅಜ್ಜಿ ಮಾಯಮ್ಮ ಬಾಯಿ ಬಡಿದುಕೊಂಡು ಜಗಲಿಗೆ ನುಗ್ಗಿದಳು.

"ನಿನ್ ಬಾಯಿಗ್ ಮಣ್ ಆಕ! ಆರೋ ಮಾತಾಡ್ತೀಯೇನೋ? ದೀಪ ಹೊರ್ಗೆ ಬರೋ ಹೊತ್ನಲ್ಲಿ ಹೊಸಿಲ್ ಮೇಲೆ ಕತ್ಲು ತಂದಿಡ್ತೀಯಾ?"

"ಅಜ್ಜಿ, ಅದು ನಿಜವಾದ ದೀಪ ಅಲ್ಲ. ಹೋಲಿಕೆ. ಕವಿ ಹೇಳಿರೋದು…"

"ಯಾವ ಕವಿನೋ? ಕವಿಗೆ ಮಕ್ಳಿಲ್ವಾ ಮರಿಯಿಲ್ವಾ? ತನ್ನ ಮನೆ ದೀಪ ಆರಿಸ್ಕೊಂಡವ್ನು ಊರವ್ರ ದೀಪಕ್ಕೆ ಊದಾಕ್ ಬಂದವ್ನೆ!"

ಬಸವರಾಜು ಮುಳ್ಳು ಎತ್ತಿದ. ಅವಸರಕ್ಕೆ ಅದು ಪ್ಲೇಟಿನ ಮೇಲೆ ಗೀರಿ, ಆ ಸದ್ದೂ ಊರಿಗೆಲ್ಲ ಕೇಳಿತು. ಮಾಯಮ್ಮ ಉಗ್ರಾಣದ ಬಾಗಿಲಿಗೆ ತಿರುಗಿ ಕೂಗಿದಳು:

"ಎಣ್ಣೆ ತಾರೇ ಸುನಂದಾ! ಬೇಗ ತಾ!"

ಉಗ್ರಾಣದಿಂದ ಎಣ್ಣೆಯ ಡಬ್ಬಿ ಹಿಡಿದುಕೊಂಡು ಸುನಂದಮ್ಮ ಹೊರಗೆ ಬಂದಳು. ಮುಂಗೈಗೆ ಕಾಯಿತುರಿ ಮೆತ್ತಿತ್ತು. ಮೊದಲಿಗಿಂತ ಬಡವಾಗಿದ್ದಳು. ಮದುಮಗಳ ತಾಯಿ ಅವಳಿಗೆ ದೂರದ ನೆಂಟಳು; ಕೈಗೆಲಸಕ್ಕೆ ಹಿಂದಿನ ದಿನವೇ ಬಂದಿದ್ದಳು. ಗಂಡನನ್ನು ಬಿಟ್ಟು ಬಂದವಳು ಶಾಸ್ತ್ರದ ಕಣ್ಣಿಗೆ ಬೀಳಬಾರದು ಅಂತ ಒಳಗಿನ ಕೆಲಸ ಕೊಟ್ಟಿದ್ದರು. ಬೆಳಗಿನಿಂದ ಬಸವರಾಜುವಿನ ಬೆನ್ನಿಗೆ ಇದ್ದದ್ದು ಒಂದು ಗೋಡೆ, ಗೋಡೆಯ ಹಿಂದೆ ಅವಳು.

ಅವಳು ದೀಪಕ್ಕೆ ಎಣ್ಣೆ ಬಗ್ಗಿಸಲು ಹೋದಳು. ಮಾಯಮ್ಮ ಡಬ್ಬಿಯನ್ನು ಅವಳ ಕೈಯಿಂದ ತೆಗೆದು ಪಕ್ಕದ ಚಿಕ್ಕಸಿದ್ದಮ್ಮನ ಕೈಗೆ ಕೊಟ್ಟಳು. "ನೀನ್ ಬ್ಯಾಡ ಕಣವ್ವ," ಅಂದಳು, ಕೆಡುಕಿಗಲ್ಲ, ಬಿಸಿ ಪಾತ್ರೆಯಿಂದ ಕೂಸಿನ ಕೈ ಸರಿಸಿದ ಹಾಗೆ. ಗಂಡ ಮಕ್ಕಳಿದ್ದ ಚಿಕ್ಕಸಿದ್ದಮ್ಮ ಎಣ್ಣೆ ಹೊಯ್ದಳು. ದೀಪ ಚೆನ್ನಾಗಿಯೇ ಉರಿಯುತ್ತಿತ್ತು. ಸುನಂದಮ್ಮ ಖಾಲಿ ಕೈಯನ್ನು ಸೆರಗಿಗೆ ಒರೆಸಿಕೊಂಡು, ಗಂಡನ ಕಡೆ ಒಮ್ಮೆ ನೋಡಿ ಒಳಗೆ ಹೋದಳು. ಧಾರೆ ಆಯಿತು. ಬಸವರಾಜು ವಾಲಗದವರಿಗೆ ಮೈಕು ಕೊಟ್ಟು ತಲೆ ತಗ್ಗಿಸಿ ಕೂತ.

ಊಟ ಮುಗಿದು, ಜನ ಚಪ್ಪರದಲ್ಲಿ ಅಲ್ಲಲ್ಲಿ ಉರುಳಿಕೊಂಡಿದ್ದ ಹೊತ್ತು. ಅವಳೇ ಬಂದಳು. ಮೇಜಿನ ಪಕ್ಕದ ಕಂಬಕ್ಕೆ ಒರಗಿ ನಿಂತು ಕೇಳಿದಳು:

"ಊಟ ಆಯ್ತಾ?"

"ಆಯ್ತು."

"ಎಲ್ಲಾಯ್ತು? ಮೂರು ಪಂಕ್ತೀಲೂ ಕಾಣ್ನಿಲ್ಲ."

ಅವಳು ಹುಣಸೆಮರದ ಕಡೆ ತಲೆಯೆತ್ತಿದಳು.

"ಹಾರ್ನು ನಮ್ಮನೆ ಕಡೀಕೆ ಮೊಕ ಮಾಡದೆ. ನಮ್ಮನೇಲಿ ಇವತ್ತು ಯಾರೂ ಇಲ್ಲ. ಅಣ್ಣ ಅತ್ತಿಗೆ ಎಲ್ಲ ಇಲ್ಲೇ ಉಂಡ್ರು. ನಾಯಿ ಒಂದದೆ. ಅದು ಕೇಳಿರ್ತದೆ."

ಬಸವರಾಜುವಿಗೆ ನಗು ಬಂದಂತಾಯಿತು. ಅವಳ ಮುಖದಲ್ಲೂ ಹಳೆಯ ತುಂಟತನದ ಎಳೆಯೊಂದು ಸುಳಿದುಹೋಯಿತು.

"ನಾನು ಕಾಯಿ ತುರೀತಾ ಕೇಳ್ದೆ. ಪದ ಚೆನ್ನಾಗದೆ. ಆಮೇಲೆ ಒಂದು ಯೋಚ್ನೆ ಬಂತು. ಹಣತೆ ಇಟ್ಟ ಜಾಗ್ದಲ್ಲೇ ಕೂತಿರ್ತದೆ. ಎಣ್ಣೆನೇ ಎದ್ದು, ಹೊಳೆ ದಾಟ್ಕೊಂಡು ಬಂದು, ತಾನೇ ಉಯ್ಕೋಬೇಕಾ?"

"ಅದು ಸುಮ್ಮನೆ ಹೋಲಿಕೆ, ಸುನಂದ."

"ನಾನೂ ಹೋಲ್ಕೆನೇ ಹೇಳ್ತಿರೋದು ಕಣ್ರೀ. ಉರಿಯೋದು ಎಣ್ಣೆ. ತೀರೋದು ಎಣ್ಣೆ. ನೋಡ್ದವ್ರು ದೀಪ ಉರೀತಾ ಅದೆ ಅಂತಾರೆ."

ಎಣ್ಣೆ ಬತ್ತಿಯೊಳಗೆ ಏರುವುದು, ತುದಿಯಲ್ಲಿ ಆವಿಯಾಗಿ ಉರಿಯುವುದು, ಹಣತೆ ಬರೀ ಬಿಸಿಯಾಗುವುದು: ಇದನ್ನೆಲ್ಲ ಅವನು ಪರೀಕ್ಷೆಯಲ್ಲಿ ಚಿತ್ರ ಸಮೇತ ಬರೆದು ಪಾಸಾಗಿದ್ದ. ಅದೇ ಹಾಡನ್ನು ಎಷ್ಟೋ ಮದುವೆಗಳಲ್ಲಿ ಹಾಕಿದ್ದ. ಅದರಲ್ಲಿ ಖರ್ಚಾಗುವುದು ಯಾರು ಎಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ. ಮೂರು ದಿನ ಹೂವು, ಗಿಣಿ, ಬಳ್ಳಿಗಳನ್ನು ತೂಗಿ ನೋಡಿದವನು ಈ ಒಂದನ್ನು ಮಾತ್ರ ತನ್ನ ಮಗ್ಗುಲಿನಿಂದಷ್ಟೇ ನೋಡಿದ್ದ.

ಅವಳು ದನಿ ತಗ್ಗಿಸಿದಳು.

"ಮಂಗ್ಳವಾರ ಪಂಚಾಯ್ತಿ. ಅಲ್ಲಿ ಹತ್ತು ಜನದ ಮುಂದೆ ಹೇಳೋ ಮಾತು ಹತ್ತು ಜನಕ್ಕೆ. ಈಗ ನಾನೊಬ್ಳೇ ಇವ್ನಿ. ಹಾಡು ಬ್ಯಾಡ, ಹಣತೆ ಬ್ಯಾಡ. ನಿಮ್ ಬಾಯಲ್ಲಿ ಹೇಳಿ. ಬಾ ಅನ್ನಿ, ಇಲ್ಲ ಬ್ಯಾಡ ಅನ್ನಿ. ಯಾವ್ದಾದ್ರೂ ಒಂದು."

ಬಸವರಾಜು ಬಾಯಿ ತೆರೆದ. 'ಬಾ' ಒಂದೇ ಅಕ್ಷರ. ಆದರೆ ಅದೊಂದನ್ನೇ ಬರಿಮೈಯಲ್ಲಿ ಹೇಗೆ ಹೊರಗೆ ಕಳಿಸುವುದು? ಅದರ ಹಿಂದೆ ಕೂಸಿನ ಮಾತಿದೆ, ಅವಳು ಮುಳ್ಳು ಎತ್ತಿದ ಸಂಜೆಯ ಮಾತಿದೆ, ಒಬ್ಬನೇ ಮುದ್ದೆ ತಿರುವುತ್ತಿದ್ದ ಎರಡು ವರ್ಷದ ಮಾತಿದೆ. ನಾಲಿಗೆಗೆ ಬಂದದ್ದೆಲ್ಲ ಯಾರೋ ಬರೆದ, ಯಾರೋ ಹಾಡಿದ ಸಾಲುಗಳು. ಅವಳು ಕಾದಳು. ಕಂಬದ ಸುಣ್ಣವನ್ನು ಉಗುರಿನಿಂದ ಕೆರೆಯುತ್ತ ಕಾದಳು. ಆಗ ಅವನಿಗೆ ಪೆಟ್ಟಿಗೆಯಲ್ಲಿ ಇನ್ನೊಂದು ಪ್ಲೇಟು ಇರುವುದು ನೆನಪಾಯಿತು. ಅದರಲ್ಲಿ ದೀಪ ಇಲ್ಲ, ಎಣ್ಣೆ ಇಲ್ಲ. ಬಾಗಿಲು ತೆರೆದಿಟ್ಟುಕೊಂಡು ಕೂತ ಒಂದು ಮನೆಯ ಹಾಡು. ತಪ್ಪು ತಿಳಿಯಲು ಅದರಲ್ಲಿ ಏನೂ ಇಲ್ಲ. ಇದು ಸರಿ, ಇದು ನೇರ, ಅನ್ನಿಸಿತು. ಅವನ ಕೈ ತಾನಾಗಿ ಪೆಟ್ಟಿಗೆಗೆ ಹೋಯಿತು. ಪ್ಲೇಟು ತೆಗೆದು, ಒರೆಸಿ, ಮುಳ್ಳು ಇಟ್ಟ.

ಸುನಂದಮ್ಮ ಹೊರಟುಹೋಗಲಿಲ್ಲ. ಎರಡು ಕೈಯನ್ನೂ ಸೆರಗಿನೊಳಗೆ ಕಟ್ಟಿಕೊಂಡು, ದೇವಸ್ಥಾನದಲ್ಲಿ ಮಂಗಳಾರತಿಗೆ ನಿಂತವಳ ಹಾಗೆ, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೂ ನಿಂತು ಕೇಳಿದಳು. ಮುಗಿದ ಮೇಲೆ ತಲೆ ಅಲ್ಲಾಡಿಸಿದಳು.

"ಚೆನ್ನಾಗದೆ. ದೀಪ ಬರೋವಾಗ ಇದ್ನೇ ಹಾಕಿದ್ರೆ ಮಾಯಜ್ಜಿ ಬಯ್ತಿರ್ನಿಲ್ಲ," ಅಂದಳು.

ಅಷ್ಟೇ. ಉಗ್ರಾಣಕ್ಕೆ ಹೋಗಿ ತನ್ನ ಬಟ್ಟೆ ಗಂಟು ತೆಗೆದುಕೊಂಡು, ಹೆಂಗಸರಿಗೆ ಹೇಳಿ, ಅಂಗಳ ದಾಟಿ ಗದ್ದೆ ಬದುವಿಗೆ ಇಳಿದಳು. ಬಸವರಾಜು ಅವಳು ಹೋಗುವುದನ್ನು ನೋಡುತ್ತ ಕೂತ. ಮುಳ್ಳು ಪ್ಲೇಟಿನ ಕೊನೆಗೆ ಬಂದು ಕರಕರ ಎಂದು ಒಂದೇ ಕಡೆ ಸುತ್ತುತ್ತಿತ್ತು.

"ಲೇ, ಕಿವಿ ತೂತು ಬೀಳ್ತದೆ, ನಿಲ್ಸಲಾ!" ಅಂತ ಮಾದೇವ ಒಲೆಯ ಕಡೆಯಿಂದ ಕೂಗಿದ. ಅವನು ಬಂದು ನೋಡಿದಾಗ ಮೇಜಿನ ಹಿಂದೆ ಯಾರೂ ಇರಲಿಲ್ಲ.

ಬಸವರಾಜು ಬದುವಿನ ಮೇಲೆ ಓಡುತ್ತಿದ್ದ. ಓದಿದ ಮನುಷ್ಯ, ಮೂವತ್ತಾರು ವಯಸ್ಸು, ಪಂಚೆ ಎತ್ತಿ ಕಟ್ಟಿ ಎಡವುತ್ತ ಓಡುವುದನ್ನು ಗದ್ದೆಯಲ್ಲಿದ್ದವರು ನಿಂತು ನೋಡಿದರು. ಅವನು ಹೊಳೆಯ ದಡ ಮುಟ್ಟುವ ಹೊತ್ತಿಗೆ ಅವಳು ಆಚೆ ದಂಡೆ ಹತ್ತಿದ್ದಳು. ಮೇ ತಿಂಗಳ ಹೊಳೆ, ಮಂಡಿಯುದ್ದ ನೀರು. ಆಚೆಯ ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ, ಇತ್ತ ಬೆನ್ನು ಮಾಡಿ, ಸೀರೆಯ ಒದ್ದೆ ಅಂಚನ್ನು ಹಿಂಡುತ್ತ ನಿಂತಿದ್ದಳು.

ಮೈಕಿಲ್ಲ, ಪ್ಲೇಟಿಲ್ಲ. ಬಸವರಾಜು ಎದೆ ತುಂಬ ಉಸಿರು ಎಳೆದು ಕೂಗಿದ: "ಸುನಂದಾ! ಬಾ! ಮನೆಗೆ ಬಾ!"

ತನ್ನ ಗಂಟಲಿನಿಂದ ಇಷ್ಟು ದೊಡ್ಡ ಸದ್ದು ಬರುತ್ತದೆ ಎಂದು ಅವನಿಗೇ ಗೊತ್ತಿರಲಿಲ್ಲ. ದಡದ ಕೊಕ್ಕರೆಗಳೆರಡು ಎದ್ದು ಹಾರಿದವು. ಸುನಂದಮ್ಮ ಅಂಚು ಹಿಂಡುತ್ತಲೇ ಇದ್ದಳು. ಒಂದು ಮಗ್ಗುಲು ಹಿಂಡಿ ಮುಗಿಸಿ, ಇನ್ನೊಂದು ಮಗ್ಗುಲು ಹಿಂಡಿ, ಕೊಡವಿ, ಗಂಟು ಎತ್ತಿಕೊಂಡು ತೆಂಗಿನ ಮರಗಳ ನಡುವೆ ಹೋದಳು. ಒಂದು ಸಲವೂ ತಿರುಗಲಿಲ್ಲ.

ಮಂಗಳವಾರ ಮಧ್ಯಾಹ್ನ ಹಿರಿಯರು ತಿಮ್ಮಯ್ಯನ ಜಗಲಿಯ ಮೇಲೆ ಕೂತರು. ಬಸವರಾಜುವಿನ ಕಡೆಯಿಂದ ಮಾದೇವ ಒಬ್ಬ ಬಂದಿದ್ದ. ಹಿರಿಯರೊಬ್ಬರು, "ಏನಪ್ಪಾ, ನಿನ್ನ ಮಾತೇನು?" ಅಂದಾಗ ಬಸವರಾಜು ಎದ್ದು ನಿಂತು, ನಡುಕವಿಲ್ಲದ ದನಿಯಲ್ಲಿ, "ಅವಳು ನನಗೆ ಬೇಕು. ಮನೆಗೆ ಬರಲಿ," ಅಂದ. ಮಾದೇವ ಬೆರಗಾಗಿ ಅವನ ಮುಖ ನೋಡಿದ. ತಿಮ್ಮಯ್ಯ ಒಳಗೆ ಹೋಗಿ ಬಂದ.

"ಒಲ್ಲೆ ಅಂತಾಳೆ ಭಾವ," ಅಂದ, ನೆಲ ನೋಡಿಕೊಂಡು. "ಆ ಮಾತ್ಗೆ ಕಾದಿದ್ದು ನಿಜ ಅಂತೆ. ಕಾಯೋದು ಮುಗೀತು ಅಂತಾಳೆ."

ಮಿಕ್ಕದ್ದು ಒಂದು ಎಲೆಯಡಿಕೆ ಅಗಿಯುವಷ್ಟರಲ್ಲಿ ತೀರ್ಮಾನವಾಯಿತು. ಬಾಗಿಲ ಹಿಂದೆ ಅವತ್ತು ಬಳೆಯ ಸದ್ದಿರಲಿಲ್ಲ.

ಹಿಂದಿರುಗುವಾಗ ಇಬ್ಬರೂ ಹೊಳೆಯ ದಂಡೆಗೆ ಇಳಿದರು. ಭಾನುವಾರದ ಹಾಗೆಯೇ ಪಡುವಲ ಗಾಳಿ, ಅದೇ ಇಳಿಹೊತ್ತು. ಮಾದೇವ ಏನೇನೋ ಸಮಾಧಾನದ ಮಾತು ಹೇಳುತ್ತಿದ್ದ. ಬಸವರಾಜುವಿಗೆ ಒಂದೇ ವಿಷಯ ಕೊರೆಯುತ್ತಿತ್ತು. ಅವತ್ತು ತಾನು ಕೂಗಿದ್ದು ಅವಳಿಗೆ ಕೇಳಿಸಿತೋ ಇಲ್ಲವೋ? ಗಾಳಿ ತಿರುಗಿಸಿಕೊಂಡು ಹೋಗಿದ್ದರೆ, ಅವಳು ತಿರುಗದೆ ಹೋದದ್ದು ಕೇಳಿಸದೆ, ತಿರುಗಲು ಒಲ್ಲದೆ ಅಲ್ಲ. ಅಷ್ಟು ಸಿಕ್ಕಿದರೂ ಸಾಕಿತ್ತು, ಇಟ್ಟುಕೊಂಡು ಬಾಳಲು.

"ಮಾದೇವ, ನೀನು ಆ ಒಗೆಯೋ ಕಲ್ಲಿನ ಹತ್ರ ಬೆನ್ನು ತಿರುಗಿಸ್ಕೊಂಡು ನಿಂತಿರು. ಪಂಚೆ ಹಿಂಡ್ತಾ ಇರು. ನಾನು ಆಚೆ ಹೋಗಿ ಕೂಗ್ತೀನಿ."

"ಏನ್ ಹುಚ್ಚಾಟನಲಾ ಇದು?"

"ನಿಂತ್ಕೋ ಅಂದೆ."

ಬಸವರಾಜು ಹೊಳೆ ದಾಟಿ, ಅವತ್ತು ನಿಂತ ಜಾಗದಲ್ಲೇ ನಿಂತು, ಅವತ್ತು ಕೂಗಿದಷ್ಟೇ ಗಟ್ಟಿಯಾಗಿ ಕೂಗಿದ. ಹೆಸರು ಕೂಗಲು ನಾಲಿಗೆ ಬರಲಿಲ್ಲ, "ಬಾ! ಮನೆಗೆ ಬಾ!" ಅಂದ.

ಮಾದೇವ ಹಿಂಡುತ್ತಿದ್ದ ಪಂಚೆ ಬಿಟ್ಟು ಗಕ್ಕನೆ ತಿರುಗಿದ. "ಕೇಳ್ತು ಕಣಪ್ಪೋ!" ಅಂತ ಕೈ ಬೀಸಿದ. "ಪಕ್ಕದಲ್ಲಿ ನಿಂತು ಕರ್ದಂಗೆ ಕೇಳ್ತು!"

ಬಸವರಾಜು ತಲೆಯಾಡಿಸಿದ. ಹಾಗಾದರೆ ಅವಳಿಗೂ ಕೇಳಿತ್ತು. ಆಮೇಲೆ ತಂತಿ ಅಳೆಯಲೆಂದು ಚೀಲದಲ್ಲಿ ಸದಾ ಇಟ್ಟುಕೊಂಡಿರುತ್ತಿದ್ದ ಟೇಪು ತೆಗೆದು, ಒಂದು ತುದಿ ಹಿಡಿಯಲು ಮಾದೇವನನ್ನು ನೀರಿಗೆ ಕರೆದ. ಮಾದೇವ ಯಾಕೆ ಅಂತ ಕೇಳಲಿಲ್ಲ. ಇಬ್ಬರೂ ಮಂಡಿಯುದ್ದ ನೀರಿನಲ್ಲಿ ನಡೆಯುತ್ತ, ನಿಲ್ಲುತ್ತ, ಟೇಪು ನೀರಿಗೆ ಜೋಲದಂತೆ ಎಳೆದು ಹಿಡಿದು ಅಳೆದರು. ಅವನು ನಿಂತಿದ್ದ ಜಾಗದಿಂದ ಆಚೆ ದಂಡೆಯ ಒಗೆಯುವ ಕಲ್ಲಿಗೆ ನೂರ ಎಂಬತ್ತಾರು ಅಡಿ.